ಪಾತಿಯ ಮೇಲಿನ ಒಣಮಣ್ಣು

ಲಿಂಗಸುಗೂರಿನ ಕಾಲೇಜೊಂದರ ಹೂದೋಟದ ಉಸ್ತುವಾರಿ ನನ್ನದು. ಮಾಲಿ ನರಸಣ್ಣ ತೀರಿಕೊಂಡ ಮೇಲೆ ಆ ಕೆಲಸ ಅವನ ಹೆಂಡತಿ ಗದ್ದೆಮ್ಮನಿಗೆ ಸಿಕ್ಕಿತ್ತು. ಗಿಡ ಒಣಗಿದರೆ ಅದೂ ಹೋಗುತ್ತಿತ್ತು.

ಮೇ ತಿಂಗಳಲ್ಲಿ ಅವಳು ಜ್ವರದಿಂದ ಎಂಟು ದಿನ ಮಲಗಿದಳು. ಬೋರಿನ ಮೋಟಾರೂ ಸುಟ್ಟುಹೋಗಿತ್ತು. ಒಂಬತ್ತನೆಯ ದಿನ ಮಧ್ಯಾಹ್ನ ನಾವಿಬ್ಬರೂ ಹೋಗಿ ನೋಡಿದರೆ, ದಾಸವಾಳದ ಒಂದೆಲೆಯೂ ಬಾಡಿರಲಿಲ್ಲ.

“ಹೊಸಾ ಮಾಲೀನ್ನ ಇಟ್ಟೀರೇನ್ರೀ ಸಾಹೇಬ್ರ?” ಗದ್ದೆಮ್ಮ ಕೇಳಿದಳು.

“ಇಲ್ಲವ್ವಾ.”

ಪಾತಿಯ ಒಣಮಣ್ಣು ಸರಿಸಿದೆ. ಕೆಳಗೆಲ್ಲ ಹಸಿ, ಬಾವಿನೀರಿನಷ್ಟು ತಣ್ಣಗಿತ್ತು.

“ನೀರುಣಿಸಿ ಮ್ಯಾಲೆ ಒಣಮಣ್ಣು ಮುಚ್ಚೋದು ನಮ್ಮನಿಯವ್ರ ರೂಢಿ ರೀ,” ಎಂದು ಗದ್ದೆಮ್ಮ ಆ ಹಸಿಮಣ್ಣು ಮುಟ್ಟಿ ನೋಡಿದಳು. ಆಮೇಲೆ ಗಿಡದತ್ತ ತಿರುಗಿ ಗಂಡನನ್ನು ಬೈದಳು: “ನಾ ಜ್ವರದಾಗ ಬಿದ್ರ ಒಂದು ಗ್ಲಾಸ್ ನೀರು ಕೊಡಾಕ ಬರಲಿಲ್ಲ, ಗಿಡಕ್ಕ ಬಂದಿಯೇನು?”

ಗಾಳಿ ಸುಳಿಯದ ಆ ಬಿಸಿಲಲ್ಲಿ, ನಾನು ತೆರೆದಿದ್ದ ಪಾತಿಯ ಮೇಲೆ ಒಂದು ಹಿಡಿ ಒಣಮಣ್ಣು ಮೆಲ್ಲಗೆ ಬಿತ್ತು.