ಟೇಪಿನ ಅಡಿಯ ಕೆಂಪು ಜುಂಗು

ಡಿಸೈನ್ ಕೋಣೆಯ ಕಂಪ್ಯೂಟರ್ ಆ ಬೆಳಿಗ್ಗೆ ಮತ್ತೆ ಮತ್ತೆ ತಾನಾಗಿಯೇ ಆರಿಹೋದಾಗ ಮಾಲೀಕ ಲೋಗನಾಥನ್ ಕೂಗಾಡಲಿಲ್ಲ. "ಧರಣಿ, ನಾಳೆಯಿಂದ ಬರಬೇಡಮ್ಮಾ" ಎಂದಷ್ಟೇ ಅಂದರು.

ತಮಿಳುನಾಡಿನ ಅವಿನಾಶಿ ಊರಿನ ಆ ಮಗ್ಗದ ಶೆಡ್ಡಿನ ಕಂಪ್ಯೂಟರಿಗೆ ಹೊಸ ಪ್ರೊಸೆಸರ್ ಆರಿಸಿದವಳು ಕಿರಿಯ ಡಿಸೈನರ್ ಧರಣಿ. ಅಗ್ಗದ್ದು ಬೇಡ, ವೇಗ ಏರಿಸಲು ಬರುವಂಥದ್ದೇ ಬೇಕೆಂದು ಹಟ ಹಿಡಿದಿದ್ದಳು. ತಾನೇ ಕೂರಿಸಿ, ನಿಗದಿಗಿಂತ ವೇಗವಾಗಿ ಓಡುವಂತೆ ತಾನೇ ಓವರ್‌ಕ್ಲಾಕ್ ಮಾಡಿದ್ದಳು. ಆಮೇಲೆ ಒಂದು ವಾರ, ಅರ್ಧ ದಿನದ ಡಿಸೈನ್ ಕೆಲಸ ಟೀ ಹೊತ್ತಿಗೇ ಮುಗಿಯುತ್ತಿತ್ತು.

ಅವಳ ಅಕ್ಕ ಸತ್ಯಾ ಅಲ್ಲೇ ನೂಲು ಸುತ್ತುವವಳು. ಮನೆ ನಡೆಯುತ್ತಿದ್ದುದು ಇಬ್ಬರ ಸಂಬಳದಿಂದ. ಸತ್ಯಾ ಕಾಂಪೌಂಡಿನ ಮಹಡಿ ಮನೆಗೆ ಓಡಿ, ಪೊಲೀಸ್ ಕೆಲಸದಿಂದ ನಿವೃತ್ತರಾದ ಚಂದ್ರಾಕ್ಕನನ್ನು ಕರೆತಂದಳು. ಆ ಕಾಂಪೌಂಡಿನಲ್ಲಿ ಏನು ಎಡವಟ್ಟಾದರೂ ಪತ್ತೆ ಹಚ್ಚುವವರು ಅವರು, ಬೆನ್ನಿಗೆ ಇರುವವಳು ಸತ್ಯಾ.

"ಅಷ್ಟು ವೇಗ ಏರಿಸಿದ್ರೆ ಸುಡದೆ ಇರುತ್ತಾ?" ಎಂದ ಹಿರಿಯ ಡಿಸೈನರ್ ಸೆಂದಿಲ್. "ನಾನು ಆ ಡಬ್ಬ ಮುಟ್ಟಿದ್ದೇ ಇಲ್ಲಪ್ಪಾ."

"ಡಬ್ಬ ಬಿಚ್ಚು ಕಂದಾ" ಎಂದರು ಚಂದ್ರಾಕ್ಕ ಧರಣಿಗೆ.

ಧರಣಿ ಪ್ರೊಸೆಸರನ್ನು ತಂಪಾಗಿಡುವ ಕೂಲರ್ ಎತ್ತಿದಳು. ಬಿಸಿಯನ್ನು ಕೂಲರಿಗೆ ದಾಟಿಸಲು ಪ್ರೊಸೆಸರಿನ ಮೇಲೆ ಹಚ್ಚಿದ್ದ ಪೇಸ್ಟಿಗೆ ಅಡ್ಡವಾಗಿ ಪಾರದರ್ಶಕ ಟೇಪು.

"ಹೊಸ ಕೂಲರ್ ಜೊತೆ ಬರೋ ಟೇಪ್ ಕೀಳೋದೇ ಮರೆತಿದ್ದಾಳೆ!" ಸೆಂದಿಲ್ ನಕ್ಕ.

ಸತ್ಯಾಳ ಮುಖ ಕೆಂಪಾಯಿತು. "ನೀನೇ ಅಲ್ವೇನೇ ಕೂರಿಸಿದ್ದು?"

ಧರಣಿ ಅಕ್ಕನನ್ನು ನೋಡಿ, ಅವಳಿಂದ ಒಂದು ಹೆಜ್ಜೆ ದೂರ ಸರಿದಳು.

ಚಂದ್ರಾಕ್ಕ ಟೇಪನ್ನು ನಿಧಾನವಾಗಿ ಎಬ್ಬಿಸಿದರು. ಅದರ ಅಡಿಯ ಪೇಸ್ಟಿನಲ್ಲಿ ನೂಲಿನ ಕೆಂಪು ಜುಂಗು ಹೂತುಕೊಂಡಿತ್ತು. "ಕೆಂಪು ನೂಲು ಮಗ್ಗಕ್ಕೆ ಬಿದ್ದಿದ್ದು ಯಾವತ್ತು ಸತ್ಯಾ?"

"ನಿನ್ನೆ ಅಕ್ಕಾ. ಅದಕ್ಕೂ ಮುಂಚೆ ತಿಂಗಳೆಲ್ಲಾ ಬಿಳಿ ಪಂಚೆನೇ."

"ನಿನ್ನೆ ಧರಣಿ ಎಲ್ಲಿದ್ದಳು?"

"ನಿನ್ನೆ ಇವಳಿಗೆ ಕೊಯಮತ್ತೂರಿನಲ್ಲಿ ಪರೀಕ್ಷೆ. ಶೆಡ್ಡಿಗೆ ಬರಲೇ ಇಲ್ಲ" ಎಂದಳು ಸತ್ಯಾ.

"ಈ ಕೋಣೆಗೆ ಬೀಗದಕೈ ಎಷ್ಟಿವೆ?"

"ಎರಡೇ" ಎಂದರು ಲೋಗನಾಥನ್. "ನಿನ್ನೆ ಒಂದು ನನ್ನ ಜೇಬಲ್ಲಿ ತಿರುಪ್ಪೂರಿಗೆ ಹೋಗಿತ್ತು. ಇನ್ನೊಂದು..." ಅವರು ಸೆಂದಿಲ್ ಕಡೆ ತಿರುಗಿದರು.

ಚಂದ್ರಾಕ್ಕ ಎಲ್ಲರನ್ನೂ ಕೂರಿಸಿ ಹೇಳಿದರು: "ಟೇಪ್ ಮೊದಲಿಂದ ಇದ್ದಿದ್ರೆ ಮೊದಲ ದಿನವೇ ಆರ್ತಿತ್ತು. ವಾರ ಓಡಿದೆ. ಅಂದ್ರೆ ಆಮೇಲೆ ಯಾರೋ ಕೂಲರ್ ಬಿಚ್ಚಿ ಅಂಟಿಸಿದ್ದಾರೆ. ಟೇಪಿನ ಅಡಿ ಕೆಂಪು ಜುಂಗು ಇದೆ, ಹಾಗಾಗಿ ಬಿಚ್ಚಿದ್ದು ನಿನ್ನೆ. ನಿನ್ನೆ ಈ ಬಾಗಿಲು ತೆಗೆಯೋಕೆ ಆಗ್ತಿದ್ದುದು ಒಬ್ಬರಿಗೇ. ಪ್ರೊಸೆಸರ್ ಸುಟ್ಟಿಲ್ಲ. ಬಿಸಿ ಹೊರಗೆ ಹೋಗದೆ, ತನ್ನನ್ನು ಉಳಿಸ್ಕೊಳ್ಳೋಕೆ ಆರ್ತಿದೆ, ಅಷ್ಟೇ."

ಸೆಂದಿಲ್ ತೋಳಿನ ಮೇಲಿನ ಜುಂಗನ್ನು ಕೊಡವಿಕೊಂಡ. "ಅರ್ಧ ದಿನದ ಕೆಲಸ ಟೀ ಹೊತ್ತಿಗೆ ಮುಗಿದ್ರೆ ಇಬ್ಬರನ್ನ ಯಾಕೆ ಇಟ್ಕೋತೀರಿ ಅಣ್ಣಾ? ಹೋಗೋನು ನಾನು ತಾನೆ?"

ಲೋಗನಾಥನ್ ಇಲ್ಲ ಎನ್ನಲಿಲ್ಲ. ಬೀಗದಕೈಗಾಗಿ ಕೈ ಚಾಚಿದರು. ಸೆಂದಿಲ್ ಅದನ್ನು ಮೇಜಿನ ಮೇಲಿಟ್ಟು ಹೊರಟುಹೋದ. ಲೋಗನಾಥನ್ ಅದನ್ನು ಧರಣಿಯ ಕಡೆ ಸರಿಸಿದರು.

ಧರಣಿ ಹಳೆಯ ಪೇಸ್ಟ್ ಒರೆಸಿ, ಹೊಸದು ಹಚ್ಚಿ, ಕೂಲರ್ ಬಿಗಿದಳು. ಪರದೆ ಬೆಳಗಿತು.

"ಸಂಜೆ ಒಟ್ಟಿಗೇ ಮನೆಗೆ ಹೋಗೋಣ ಕಣೇ" ಎಂದಳು ಸತ್ಯಾ.

"ನೀನು ಹೋಗಕ್ಕಾ" ಎಂದಳು ಧರಣಿ, ತನ್ನನ್ನೇ ಅನುಮಾನಿಸಿದ ಅಕ್ಕನತ್ತ ತಿರುಗಿ ನೋಡದೆ. "ನಂಗೆ ಕೆಲಸ ಇದೆ."