ತಗ್ಗಿಸಿದ ದನಿ

"ಎಂತ ಕೊಬ್ಬು ಮಾರಾಯ ಆ ಹೆಂಗಸಿಗೆ! ನಾನು ಗುಡ್ ಈವ್ನಿಂಗ್ ಅಂದ್ರೆ ತಿರುಗಿ ಸಹ ನೋಡ್ಲಿಲ್ಲ."

ವೈರು ಸುತ್ತುತ್ತಾ ಜೂಲಿಯನ್ ಗೊಣಗಿದ. ಗಲ್ಫಿನ ಬಂದರು ಮತ್ರಾದ ಆ ಹೋಟೆಲಿನ ಲೌಂಜಿನಲ್ಲಿ ಮೈಕು, ಸ್ಪೀಕರು ನೋಡಿಕೊಳ್ಳುವ ಕೆಲಸ ಅವನದು. ಊರು ಕಲ್ಯಾಣಪುರ.

"ನಿನ್ನ ಗುಡ್ ಈವ್ನಿಂಗಿಗೆ ಕಾಯ್ಲಿಕ್ಕೆ ಇಂಗ್ಲೆಂಡಿನಿಂದ ಬಂದದ್ದಾ ಅವರು?" ವೇಟರ್ ಹಸೈನಾರ್ ನಕ್ಕ.

೧೯೮೯ರ ಚಳಿಗಾಲ ಅದು. ಆ ಹೆಂಗಸು ರೋಸ್ ಆಶ್‌ಬಿ, ಲೌಂಜಿಗೆ ಹೊಸದಾಗಿ ಬಂದ ಗಾಯಕಿ. ಮೀನುಗಾರನ ಮಗಳು. ಬಲೆ ನೇಯುತ್ತಾ ಅಜ್ಜಿ ಹೇಳುತ್ತಿದ್ದ ಜನಪದ ಹಾಡುಗಳನ್ನು ಕಲಿತು, ಅದೇ ಧಾಟಿಯಲ್ಲಿ ತಾನೂ ಹಾಡು ಕಟ್ಟಿ, ಎಳೆಯ ವಯಸ್ಸಿನಲ್ಲೇ ಹೆಸರು ಮಾಡಿದ್ದಳು. ಆಮೇಲೆ ಡಿಸ್ಕೋ ಬಂತು. ರೆಕಾರ್ಡ್ ಕಂಪನಿ ಕೈಬಿಟ್ಟಿತು, ಹಿಂದೆಯೇ ಗಂಡನೂ. ಈಗ ಉಳಿದದ್ದು ಊಟದವರ ಚಮಚದ ಸದ್ದಿನ ನಡುವೆ ಹಾಡುವ ಗಲ್ಫಿನ ಕಾಂಟ್ರಾಕ್ಟು.

ಒಂದು ಮಧ್ಯಾಹ್ನ ಮೈಕು ಕಿರ್ರೆಂದು ಕೂಗಿತು. ಲೌಂಜಿನಲ್ಲಿದ್ದವರೆಲ್ಲ ಕಿವಿ ಮುಚ್ಚಿಕೊಂಡರು. ರೋಸ್ ಮಾತ್ರ ಗಲ್ಲವನ್ನು ಗಿಟಾರಿಗೆ ಒತ್ತಿ, ಏನೂ ಆಗದವಳಂತೆ ತಂತಿ ಬಿಗಿಯುತ್ತಿದ್ದಳು.

ಜೂಲಿಯನ್ ಮೆಲ್ಲನೆ ಅವಳ ಎದುರಿಗೆ ಹೋಗಿ ನಿಂತು, ಕೇಳಿಸಲಿಲ್ಲವೇ ಎಂದ. ಅವಳ ಬೂದುಗಣ್ಣು ಅವನ ತುಟಿಯ ಮೇಲೆ ನೆಟ್ಟಿತು.

"ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿ ಹೊರಟಿದೆ," ಎಂದಳು. "ಮ್ಯಾನೇಜರಿಗೆ ಹೇಳ್ತೀರಾ?"

"ಇಲ್ಲ."

"ಯಾಕೆ?"

"ಹೇಳಿದ್ರೆ ನೀವು ಹೋಗ್ಬೇಕಾಗ್ತದೆ, ಮ್ಯಾಡಮ್."

ಹೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು. ಮಾತು ಮುಗಿದರೂ ಅವಳ ನೋಟ ಅವನ ತುಟಿ ಬಿಟ್ಟು ಕದಲಲಿಲ್ಲ.

"ಆ ಮೀಸೆ ತೆಗೀರಿ. ನಿಮ್ಮ ಅರ್ಧ ಮಾತು ಅಲ್ಲೇ ಸಿಕ್ಕಿಹಾಕಿಕೊಳ್ತದೆ."

ಮರುದಿನ ಬೋಳಿಸಿದ ಮುಖ ಹೊತ್ತು ಬಂದವನನ್ನು ಕಂಡು ಹಸೈನಾರ್ ಟ್ರೇ ಕೆಳಗಿಟ್ಟ. "ಎಂತದಾ, ಹೆಣ್ಣು ನೋಡ್ಲಿಕ್ಕೆ ಹೊರಟದ್ದಾ?"

ಅಂದಿನಿಂದ ಜೂಲಿಯನ್ ಅವಳಿಗೆ ಕಾಣುವಂತೆ ಕಂಬದ ಪಕ್ಕ ಕೂರುತ್ತಿದ್ದ. ಊರಿನ ಇಗರ್ಜಿಯಲ್ಲಿ ಕ್ವಾಯರ್ ಮಾಸ್ಟರು ಮಾಡುತ್ತಿದ್ದ ಹಾಗೆ, ಶ್ರುತಿ ಇಳಿದರೆ ಅಂಗೈ ಎತ್ತುವನು, ಏರಿದರೆ ಇಳಿಸುವನು. ಶುಕ್ರವಾರ ಸಂಜೆ ಇಬ್ಬರೂ ಸಮುದ್ರದ ದಂಡೆಯಲ್ಲಿ ನಡೆಯುತ್ತಿದ್ದರು. ಅವನ ಮಾತು ಕಾಣಬೇಕೆಂದು ಅವಳು ಹಿಂದು ಹಿಂದಾಗಿ ನಡೆದು ಒಮ್ಮೆ ಬೀಳುವುದರಲ್ಲಿದ್ದಳು. ಹಿಡಿದ ಕೈಯನ್ನು ಅವನು ಬಿಡಲಿಲ್ಲ. 'ಮ್ಯಾಡಮ್' ಯಾವಾಗ 'ರೋಸ್' ಆಯಿತೋ, 'ನೀವು' ಯಾವಾಗ 'ನೀನು' ಆಯಿತೋ, ಇಬ್ಬರಿಗೂ ತಿಳಿಯಲಿಲ್ಲ.

ಆದರೆ ಈಸ್ಟರ್ ಕಳೆದ ಮೇಲೆ ಅಂಗೈ ಎತ್ತಿದರೂ ಸ್ವರ ಮೇಲೇರುತ್ತಿರಲಿಲ್ಲ. ಹಿಂದಿನ ಮೇಜಿನಲ್ಲಿ ಯಾರೋ ಮುಸಿಮುಸಿ ನಕ್ಕರು. ಜೂಲಿಯನ್ ಸದ್ದು ಏರಿಳಿಸುವ ಮಿಕ್ಸರಿನಲ್ಲಿ ಅವಳ ದನಿಯನ್ನು ಕೊಂಚ ತಗ್ಗಿಸಿ ಗಿಟಾರನ್ನು ಏರಿಸಿದ. ವಾರ ಕಳೆದಂತೆ ಇನ್ನೂ ತಗ್ಗಿಸಿದ. ಅವಳಿಗೆ ಹೇಳಲಿಲ್ಲ. ಇದು ಪ್ರೀತಿಯೇ ಅಲ್ಲವೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಆಗಸ್ಟಿನಲ್ಲಿ ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಹೋಟೆಲು ಖಾಲಿಯಾಗತೊಡಗಿತು. ರೋಸಳ ಕಾಂಟ್ರಾಕ್ಟು ಆ ವಾರಕ್ಕೇ ಮುಗಿಯಿತೆಂದು ಮ್ಯಾನೇಜರ್ ಹೇಳಿಬಿಟ್ಟ.

ಕೊನೆಯ ದಿನದ ಹಿಂದಿನ ಸಂಜೆ ಅವಳು ಇದ್ದಕ್ಕಿದ್ದಂತೆ ಗಿಟಾರನ್ನು ಕೆಳಗಿಟ್ಟಳು. ಅಜ್ಜಿಯ ಹಾಡನ್ನು ಬರಿಗಂಟಲಲ್ಲಿ ಎತ್ತಿಕೊಂಡು ಒಂದು ಅಂಗೈಯನ್ನು ಸ್ಪೀಕರಿನ ಮೇಲಿಟ್ಟಳು.

ಸ್ಪೀಕರು ನಡುಗಲಿಲ್ಲ.

ಹಾಡು ಅರ್ಧಕ್ಕೆ ನಿಂತಿತು. ಅವಳು ಕಂಬದ ಕಡೆ ನೋಡಿದಳು. ಜೂಲಿಯನ್ ತಲೆ ತಗ್ಗಿಸಿದ.

ವೇದಿಕೆಯ ಹಿಂದೆ ಅವಳು ಅವನ ಗದ್ದ ಹಿಡಿದು ಎತ್ತಿದಳು. "ಮುಖ ತೋರಿಸಿ ಮಾತಾಡು. ಯಾವಾಗಿನಿಂದ?"

"ಈಸ್ಟರ್ ಆದ ಮೇಲೆ. ಜನ ನಗ್ತಿದ್ರು, ರೋಸ್. ನನಗೆ ತಡ್ಕೊಳ್ಳಿಕ್ಕೆ ಆಗ್ಲಿಲ್ಲ."

"ಕಂಪನಿ ಬಿಟ್ಟಿತು, ಗಂಡ ಬಿಟ್ಟ, ಕಿವಿ ಬಿಟ್ಟಿತು. ದನಿಯನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ, ಜೂಲಿಯನ್. ಅದನ್ನು ನೀನು ಕಿತ್ತುಕೊಂಡೆ."

ಅವಳು ಗದ್ದ ಬಿಟ್ಟಳು.

"ನಾಳೆ ಪೂರ್ತಿ ಏರಿಸು."

"ಜನ ಎದ್ದು ಹೋಗ್ತಾರೆ."

"ಹೋಗಲಿ. ನನ್ನ ದನಿ ಕೇಳಿ ಹೋಗಲಿ."

ಮರುದಿನ ಅದೇ ಹಾಡು. ಜೂಲಿಯನ್ ಅವಳ ದನಿಯನ್ನು ಪೂರ್ತಿ ಏರಿಸಿದ. ಸ್ವರ ತಪ್ಪಿತು, ಇನ್ನಷ್ಟು ತಪ್ಪಿತು. ದಿಕ್ಕು ತಪ್ಪಿದ ದೋಣಿಯಂತೆ ಹಾಡು ಎಲ್ಲೆಲ್ಲೋ ಹೋಯಿತು. ಒಬ್ಬ ಗಹಗಹಿಸಿದ. ಕುರ್ಚಿಗಳು ಸರಿದವು. ಬಾಗಿಲಲ್ಲಿ ನಿಂತ ಮ್ಯಾನೇಜರ್ ತಗ್ಗಿಸು, ತಗ್ಗಿಸು ಎಂದು ಕೈಯಾಡಿಸಿದ.

ಹಸೈನಾರ್ ಓಡಿಬಂದ. "ಇಳಿಸು ಮಾರಾಯ! ನಿನ್ನ ವೀಸಾ ಕ್ಯಾನ್ಸಲ್ ಮಾಡ್ತಾನಂತೆ. ಊರಲ್ಲಿ ಎಂತ ಮಾಡ್ತಿ?"

"ಮಾಡ್ಲಿ."

ಮಿಕ್ಸರಿಗೆ ಬೆನ್ನು ಕೊಟ್ಟು, ಯಾರೂ ಮುಟ್ಟದ ಹಾಗೆ ಅಡ್ಡ ನಿಂತ. ಅಂಗೈ ಎತ್ತಲಿಲ್ಲ, ಇಳಿಸಲಿಲ್ಲ. ಕೇಳಿದ, ಅಷ್ಟೇ. ಅವಳ ಅಂಗೈಯಡಿ ಸ್ಪೀಕರು ನಡುಗುತ್ತಿತ್ತು. ಕಣ್ಣು ಮುಚ್ಚಿ ಅವಳು ಹಾಡನ್ನು ಕಡೆಯವರೆಗೂ ಹೇಳಿದಳು.

ಚಪ್ಪಾಳೆ ಬರಲಿಲ್ಲ. "ಖಲಾಸ್," ಎಂದು ಮ್ಯಾನೇಜರ್ ಜೂಲಿಯನ್‌ಗೆ ಬಾಗಿಲು ತೋರಿಸಿದ.

ಹೊರಗೆ ಸೀಬ್ ಏರ್‌ಪೋರ್ಟಿಗೆ ಹೋಗುವ ವ್ಯಾನು ಕಾಯುತ್ತಿತ್ತು. ರೋಸ್ ಗಿಟಾರನ್ನು ಸೀಟಿನ ಮೇಲಿಟ್ಟು ಹಿಂದಿರುಗಿ ಬಂದಳು. ಅಂಗೈಯನ್ನು ಅವನ ಎದೆಯ ಮೇಲಿಟ್ಟು ಕಣ್ಣು ಮುಚ್ಚಿಕೊಂಡಳು.

"ಏನಾದರೂ ಹೇಳು. ನಿನ್ನ ಮನೆಯ ಮಾತಲ್ಲಿ."

"ಹಾಂವ್ ತುಜೊ ಮೋಗ್ ಕರ್ತಾಂ," ಎಂದ ಜೂಲಿಯನ್ ಕೊಂಕಣಿಯಲ್ಲಿ. ನಿನ್ನನ್ನು ಪ್ರೀತಿಸುತ್ತೇನೆ ಎಂದು ಅಷ್ಟು ಗಟ್ಟಿಯಾಗಿ ಅವನು ಯಾರಿಗೂ ಹೇಳಿರಲಿಲ್ಲ. ವ್ಯಾನಿನ ಡ್ರೈವರ್ ತಿರುಗಿ ನೋಡಿದ.

ಅರ್ಥವೇನೆಂದು ಅವಳು ಕೇಳಲಿಲ್ಲ. ಅವನ ಎದೆಯಲ್ಲಿ ದನಿಯ ನಡುಕ ನಿಲ್ಲುವವರೆಗೆ ಕೈಯನ್ನು ಅಲ್ಲೇ ಇಟ್ಟಿದ್ದಳು.

"ಈ ಸಲ ತಗ್ಗಿಸಲಿಲ್ಲ ನೀನು," ಎಂದಳು. ಆಮೇಲೆ ವ್ಯಾನು ಹತ್ತಿದಳು.