ಬಟ್ಟೆ ಸುತ್ತಿದ ಗಂಟೆ

"ಅದನ್ನ ಮುಟ್ಬೇಡಿ ಸ್ವಾಮಿ," ಎಂದ ಗಾಡಿಯವನು ಎಫ್ರೇಮ್. "ಡಾರ್ಕಸ್ ಕಟ್ಟಿದ್ದು. ಕಟ್ಟುವಾಗ ಏನೋ ಮಣಮಣ ಅಂತಿದ್ಲು."

ರೈಲು ಕಂಪನಿಯ ವಕೀಲ ಲೆಮ್ಯುಯೆಲ್ ಹಾರ್ಗ್ರೋವ್ ಆಗಲೇ ಕೆಳಗಿಳಿದಿದ್ದ. ವರ್ಜೀನಿಯಾದ ಆ ಬೆಟ್ಟದ ರಸ್ತೆ ಹಳಿ ದಾಟುವ ಜಾಗದಲ್ಲೇ ಡಾರ್ಕಸಳ ಗಂಡ ರೈಲಿಗೆ ಸಿಕ್ಕಿ ಸತ್ತಿದ್ದ. ಪಕ್ಕದ ಕಂಬದಲ್ಲಿ ಅವಳ ಮನೆಯ ಹಸುವಿನ ಗಂಟೆಯೊಂದು ತೂಗುತ್ತಿತ್ತು. ಮನೆಯ ಯಜಮಾನ ಸತ್ತರೆ ಗಂಟೆಯ ನಾಲಗೆಗೆ ಬಟ್ಟೆ ಸುತ್ತುವುದು, ಹೂಳಿ ಬಂದ ಮೇಲೆ ಬಿಚ್ಚುವುದು ಅಲ್ಲಿನವರ ರೂಢಿ. ಕಂಪನಿಯ ಮೇಲೆ ಹೂಡಿದ ದಾವೆಯಲ್ಲಿ ನ್ಯಾಯ ಸಿಗುವವರೆಗೆ ಬಿಚ್ಚುವುದಿಲ್ಲವೆಂದು ಡಾರ್ಕಸ್ ಹಟ ಹಿಡಿದಿದ್ದಳು.

"ಇದನ್ನೂ ಸಾಕ್ಷಿಗೆ ಕರೀತಾಳೇನಯ್ಯ?" ಲೆಮ್ಯುಯೆಲ್ ನಗುತ್ತ ಬಟ್ಟೆ ಬಿಚ್ಚಿದ. ಒಳಗೆ ಸತ್ತವನ ಕೂದಲಿತ್ತು. ಹಳಸಿದ ರಕ್ತದ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ಗಂಟೆ ಅಲ್ಲಾಡಿಸಿದ. ಸದ್ದೇ ಇಲ್ಲ.

"ತುಕ್ಕು ಹಿಡಿದಿದೆ," ಎಂದು ತಿರುಗಿದ. ಎಫ್ರೇಮ್ ಸದ್ದು ತಾಳಲಾರದವನಂತೆ ಎರಡೂ ಕಿವಿ ಒತ್ತಿ ಮುಚ್ಚಿಕೊಂಡಿದ್ದ.

ರಸ್ತೆ ದಾಟುವಲ್ಲಿ ಹೊಡೆಯಬೇಕಾದ ಎಂಜಿನ್ನಿನ ಗಂಟೆ ಹೊಡೆಯಲಿಲ್ಲವೆಂದು ಊರಿನ ಹನ್ನೆರಡು ಜನರ ಜ್ಯೂರಿ ಡಾರ್ಕಸಳ ಪರ ತೀರ್ಪು ಕೊಟ್ಟಿತ್ತು. ಜ್ಯೂರಿ ಕಂಡ ಸತ್ಯವನ್ನು ಮೇಲ್ಮನವಿಯಲ್ಲಿ ಅಳಿಸುವ ಅಧಿಕಾರ ರಾಜ್ಯದ ಮೇಲಿನ ಕೋರ್ಟಿಗೆ ಉಂಟೇ? ವ್ಯಾಜ್ಯವೆಲ್ಲ ಅದರ ಮೇಲೇ ನಿಂತಿತ್ತು. ಉಂಟು ಎಂದು ಲೆಮ್ಯುಯೆಲ್ ವಾದಿಸಿದ. ಮೇಲಿನ ಕೋರ್ಟಿನ ಮಾತೇ ಕಡೆಯ ಮಾತು, ಸಾಕ್ಷಿಗಳು ಕೇಳಿಸಲಿಲ್ಲ ಎಂದ ಮಾತ್ರಕ್ಕೆ ಗಂಟೆ ಹೊಡೆಯಲಿಲ್ಲವೆಂದಲ್ಲ ಎಂದ. ಗಂಟೆಯ ಹಗ್ಗ ಎಳೆಯಲು ಮರೆತೆನೆಂದು ರೈಲಿನ ಡ್ರೈವರ್ ಅವನ ಮುಂದೆ ಅತ್ತಿದ್ದ. ಅದನ್ನು ನುಂಗಿಕೊಂಡೇ ಗೆದ್ದ. ಹೊರಗೆ ಬರುವಾಗ ಡಾರ್ಕಸಳನ್ನು ಕಣ್ಣೆತ್ತಿ ನೋಡಲಾಗಲಿಲ್ಲ.

ಸುಗ್ಗಿ ಮುಗಿದ ಮೇಲೆ ಹೆಂಡತಿ ಲವಿನಿಯಾಳೊಡನೆ ತಾನೇ ಗಾಡಿ ಹೊಡೆದುಕೊಂಡು ಅದೇ ಹಾದಿಯಲ್ಲಿ ಬಂದ. ಸಂಜೆ ಮಂಜು ಮುಸುಕಿತ್ತು. ಹಳಿಯ ಮುಂದೆ ಕುದುರೆ ಹೆದರಿ ನಿಂತಿತು.

"ಗಂಟೆ ಹೊಡೀತಿದೆ. ತಡೀರಿ," ಎಂದಳು ಲವಿನಿಯಾ.

"ಎಲ್ಲಿ? ನಂಗೇನೂ ಕೇಳಿಸ್ತಿಲ್ಲ."

"ಹತ್ರಾನೇ ಬಂತು. ಬೇಡ್ರೀ."

"ನಿಂಗೆ ಭ್ರಮೆ ಕಣೇ."

ಚಾಟಿ ಬೀಸಿದ. ಮೂಗಿಗೆ ಅದೇ ರಕ್ತದ ವಾಸನೆ. ಮಂಜು ಕೆಂಪಾಯಿತು. ಕೈಕೆಳಗೆ ಗಾಡಿಯ ಹಲಗೆ ನಡುಗಿತು. ಸದ್ದಿಲ್ಲ. ಲವಿನಿಯಾಳ ಬಾಯಿ ತೆರೆದಿತ್ತು. ಸದ್ದಿಲ್ಲ. ಬೆಳಕು. ಕಬ್ಬಿಣ.

ಕಣ್ಣು ಬಿಟ್ಟಾಗ ಹುಲ್ಲಿನ ಮೇಲೆ ಬಿದ್ದಿದ್ದ. ಯಾರೋ ಒಬ್ಬಳು ಲವಿನಿಯಾಳ ಮೈ ಮೇಲೆ ತನ್ನ ಹರಕು ಶಾಲು ಹೊದಿಸಿ ಮುಖ ಮುಚ್ಚುತ್ತಿದ್ದಳು. ಡಾರ್ಕಸ್.

"ಗಂಟೆ ಹೊಡೀಲಿಲ್ಲ," ಎಂದು ಅವನು ಚೀರಿದ.

"ಹೊಡೀತು ಸಾಹೇಬ್ರೆ. ನಮ್ಮನೆವರೆಗೂ ಕೇಳಿಸ್ತು."

ಆ ಶಾಲನ್ನು ನೋಡಿ ಅವನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. "ನಿನ್ನ ಗಂಡನಿಗೆ ಮಾತ್ರ ಹೊಡೆದಿರಲಿಲ್ಲ," ಎಂದ. "ನಂಗೆ ಗೊತ್ತಿತ್ತು."

ಡಾರ್ಕಸ್ ಶಾಲಿನ ಅಂಚನ್ನು ಲವಿನಿಯಾಳ ಮೈ ಕೆಳಗೆ ಸಿಕ್ಕಿಸಿದಳು.

"ಇದನ್ನ ಈಗ ಯಾರ ಮುಂದೆ ಹೇಳ್ಲಿ? ಮೇಲಿನ ಕೋರ್ಟ್ ಮಾತೇ ಕಡೇ ಮಾತು ಅಂತ ನೀವೇ ಅಂದ್ರಲ್ಲ."

ಅವಳ ಹಿಂದೆ, ನೆರವಿಗೆ ಜನರನ್ನು ಕರೆಯಲು ಡ್ರೈವರ್ ನಿಂತ ಎಂಜಿನ್ನಿನ ಹಗ್ಗವನ್ನು ಎಳೆಯುತ್ತಲೇ ಇದ್ದ. ಗಂಟೆ ಅತ್ತಿತ್ತ ತೂಗುತ್ತಿತ್ತು. ಸುತ್ತ ನಿಂತವರೆಲ್ಲ ಅದರ ಕಡೆ ತಿರುಗಿದರು. ಅವನ ಕಿವಿಗೆ ಮಾತ್ರ ಸದ್ದಿಲ್ಲ.